ಓದುಗರ ಪ್ರಶ್ನೆ: ಹರಳೂ ಹೌದು, ದ್ರವವೂ ಹೌದು, ಅದು ಹೇಗೆ?

ಈ ಸಲ ಬಂದ ಪ್ರಶ್ನೆಗಳಲ್ಲಿ ಏಳು ಒಂದೇ ದಾರದಲ್ಲಿ ಪೋಣಿಸಿದ ಹಾಗಿದ್ದವು: ಹರಳು, ದ್ರವ ಸ್ಫಟಿಕ, ಕರಗುವುದು, ಗಟ್ಟಿಯಾಗುವುದು. ಉಳಿದವನ್ನು ಮುಂದಿನ ಸಂಚಿಕೆಗೆ ಇಟ್ಟು ಇವನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಕೆಲವಕ್ಕೆ ಉತ್ತರ ಉದ್ದವಾಗಿದೆ, ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ನನ್ನ ಹಳೇ ಕ್ಯಾಲ್ಕುಲೇಟರನ್ನು ಸುಡು ಬಿಸಿಲಲ್ಲಿ ಮರೆತು ಬಿಟ್ಟಿದ್ದೆ. ಬಂದು ನೋಡಿದರೆ ಪರದೆ ಪೂರ್ತಿ ಕಪ್ಪು. ಕೆಟ್ಟೇಹೋಯಿತು ಅಂದುಕೊಂಡೆ. ನೆರಳಲ್ಲಿಟ್ಟ ಸ್ವಲ್ಪ ಹೊತ್ತಿಗೆ ತಾನೇ ಸರಿಯಾಯಿತು! ಒಳಗೆ ಏನಾಯಿತು?

ಉತ್ತರ: ಕರಗಿತು. ಸರಿಯಾಗಿ ಹೇಳಬೇಕೆಂದರೆ, ಎರಡನೇ ಸಲ ಕರಗಿತು.

ಒಂದೇ ವಸ್ತು ಎರಡು ಸಲ ಕರಗುತ್ತದೆ ಅಂದರೆ ವಿಚಿತ್ರ ಅನಿಸುತ್ತೆ ಅಲ್ವಾ? 1888ರಲ್ಲಿ ಪ್ರಾಗ್‌ನಲ್ಲಿದ್ದ ಸಸ್ಯವಿಜ್ಞಾನಿ ಫ್ರೀಡ್ರಿಶ್ ರೈನಿಟ್ಜರ್‌ಗೂ ಹಾಗೇ ಅನಿಸಿತ್ತು. ಕೊಲೆಸ್ಟೆರಿಲ್ ಬೆಂಜೊಯೇಟ್ ಎಂಬ ವಸ್ತುವನ್ನು ಅವರು ಕಾಯಿಸುತ್ತಿದ್ದರು. 145.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹರಳು ಕರಗಿತು, ಆದರೆ ಸಿಕ್ಕಿದ್ದು ಮಬ್ಬು ಮಬ್ಬಾದ ದ್ರವ. 178.5 ಡಿಗ್ರಿಗೆ ಬಂದಾಗ ಆ ಮಬ್ಬು ಇದ್ದಕ್ಕಿದ್ದಂತೆ ಮಾಯವಾಗಿ ದ್ರವ ತಿಳಿಯಾಯಿತು. ತಣ್ಣಗಾದರೆ ಮತ್ತೆ ಮಬ್ಬು. ಕಲಬೆರಕೆ ಇರಬಹುದು ಎಂದು ಯಾರಿಗಾದರೂ ಮೊದಲು ಅನುಮಾನ ಬರುತ್ತದೆ. ಅವರು ಅದನ್ನು ಜರ್ಮನಿಯ ಒಟ್ಟೊ ಲೆಹ್ಮಾನ್ ಎಂಬ ಭೌತವಿಜ್ಞಾನಿಗೆ ಕಳಿಸಿದರು. ಕಾಯಿಸುತ್ತಲೇ ನೋಡಬಲ್ಲ ಸೂಕ್ಷ್ಮದರ್ಶಕ ಲೆಹ್ಮಾನ್ ಬಳಿ ಇತ್ತು. ಆ ಮಬ್ಬು ದ್ರವ ನೀರಿನ ಹಾಗೆ ಹರಿಯುತ್ತದೆ, ಬೆಳಕಿನ ಜೊತೆ ಮಾತ್ರ ಹರಳಿನ ಹಾಗೆ ನಡೆದುಕೊಳ್ಳುತ್ತದೆ ಎಂದು ಅವರಿಗೆ ಗೊತ್ತಾಯಿತು. ‘ಹರಿಯುವ ಹರಳು’ ಎಂಬ ಹೆಸರು ಬಂದದ್ದು ಹಾಗೆ, ಈಗ ನಾವು ದ್ರವ ಸ್ಫಟಿಕ ಅನ್ನುವುದು ಇದನ್ನೇ.

ಈಗ ನಿಮ್ಮ ಕ್ಯಾಲ್ಕುಲೇಟರಿಗೆ ಬರೋಣ. ಎರಡು ಗಾಜಿನ ಹಾಳೆಗಳ ನಡುವೆ, ಕೂದಲಿಗಿಂತಲೂ ತೆಳ್ಳಗಿನ ಜಾಗದಲ್ಲಿ ಕಡ್ಡಿಯಂಥ ಅಣುಗಳ ಇಂಥದೇ ದ್ರವ ಸ್ಫಟಿಕ ತುಂಬಿರುತ್ತದೆ. ಒಂದು ಗಾಜಿನ ಹತ್ತಿರ ಅಣುಗಳು ಒಂದು ದಿಕ್ಕಿಗೆ ಮಲಗಿರುತ್ತವೆ, ಇನ್ನೊಂದು ಗಾಜಿಗೆ ಹೋಗುವಷ್ಟರಲ್ಲಿ ಸುರುಳಿ ಮೆಟ್ಟಿಲಿನ ಹಾಗೆ ತಿರುಗುತ್ತಾ 90 ಡಿಗ್ರಿ ತಿರುಗಿಬಿಟ್ಟಿರುತ್ತವೆ. ಬೆಳಕಿನ ಕಂಪನದ ದಿಕ್ಕೂ ಜೊತೆಗೇ ತಿರುಗುತ್ತದೆ, ಹಾಗಾಗಿಯೇ ಅಡ್ಡಡ್ಡ ಇಟ್ಟ, ಒಂದೇ ದಿಕ್ಕಿನ ಕಂಪನವನ್ನು ಮಾತ್ರ ಬಿಡುವ ಎರಡು ಪೋಲರೈಸರ್‌ಗಳನ್ನು ದಾಟಿ ಆಚೆ ಬರುತ್ತದೆ. ಬಿಸಿಲಿಗೆ ಕಾದು ಎರಡನೇ ಕರಗುವ ಉಷ್ಣತೆ ದಾಟಿತು ಅನ್ನಿ, ಕಡ್ಡಿಗಳು ದಿಕ್ಕಾಪಾಲು. ಬೆಳಕನ್ನು ತಿರುಗಿಸುವವರಿಲ್ಲ, ಎರಡನೇ ಪೋಲರೈಸರ್ ಎಲ್ಲವನ್ನೂ ತಡೆಯುತ್ತದೆ, ಪರದೆ ಕಪ್ಪು. ತಣ್ಣಗಾದಾಗ ಕಡ್ಡಿಗಳು ಮತ್ತೆ ಸಾಲಾಗುತ್ತವೆ. ಒಮ್ಮೆ ಆದರೆ ಪರವಾಗಿಲ್ಲ, ಅಭ್ಯಾಸ ಮಾಡಿಕೊಳ್ಳಬೇಡಿ, ಪೋಲರೈಸರ್ ಹಾಳೆ ಬಿಸಿಗೆ ಹಾಳಾಗಬಹುದು.

ಪ್ರಶ್ನೆ: ಹಾಗಿದ್ದರೆ ನೀರು ಯಾಕೆ ಎರಡು ಸಲ ಕರಗುವುದಿಲ್ಲ? ಎಲ್ಲ ವಸ್ತುವೂ ದ್ರವ ಸ್ಫಟಿಕ ಯಾಕಾಗುವುದಿಲ್ಲ?

ಉತ್ತರ: ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು.

ಹರಳಿನಲ್ಲಿ ಅಣುಗಳಿಗೆ ಎರಡು ಶಿಸ್ತು. ಒಂದು, ನಿಂತ ಜಾಗ. ಎರಡು, ಮುಖ ಮಾಡಿದ ದಿಕ್ಕು. ನೀರಿನಂಥ ಪುಟ್ಟ ಅಣುಗಳಲ್ಲಿ ಈ ಎರಡೂ ಒಟ್ಟಿಗೇ ಮುರಿಯುತ್ತವೆ. ಉದ್ದ ಕಡ್ಡಿಗಳ ಕಥೆ ಬೇರೆ. ಬೆಂಕಿಪೊಟ್ಟಣವನ್ನು ಅಲ್ಲಾಡಿಸಿ ನೋಡಿ: ಕಡ್ಡಿಗಳು ಹಿಂದೆ ಮುಂದೆ ಜಾರುತ್ತವೆ, ಆದರೆ ಅಡ್ಡ ತಿರುಗಲು ಆಗುವುದಿಲ್ಲ. ಹೀಗೆ ಜಾಗದ ಶಿಸ್ತು ಹೋಗಿ ದಿಕ್ಕಿನ ಶಿಸ್ತು ಮಾತ್ರ ಉಳಿದ ಸ್ಥಿತಿಗೆ ನೆಮಾಟಿಕ್ ಅಂತ ಹೆಸರು. ಪೊಟ್ಟಣದಲ್ಲಾದರೆ ಗೋಡೆ ಇದೆ, ದ್ರವದಲ್ಲಿ ಹಿಡಿದಿಡುವವರು ಯಾರು ಅಂತ ನೀವು ಕೇಳಬಹುದು. ಅಣುಗಳ ನಡುವಿನ ಸೆಳೆತ ಒಂದು ಕಾರಣ. ಆದರೆ ಸೆಳೆತವೇ ಇಲ್ಲದಿದ್ದರೂ, ಬರೀ ಕಡ್ಡಿ ಆಕಾರ ಮತ್ತು ಸಾಕಷ್ಟು ಗುಂಪುಗಟ್ಟುವಿಕೆ ಇದ್ದರೆ ಕಡ್ಡಿಗಳು ತಾವಾಗಿಯೇ ಸಾಲಾಗುತ್ತವೆ ಎಂದು ವಿಜ್ಞಾನಿ ಲಾರ್ಸ್ ಆನ್‌ಸಾಗರ್ 1949ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಸಾಲಾಗಿ ನಿಂತರೆ ಪ್ರತಿ ಕಡ್ಡಿಗೂ ಓಡಾಡಲು ಜಾಗ ಜಾಸ್ತಿ ಸಿಗುತ್ತದೆ. ಶಿಸ್ತಿನಿಂದ ಸ್ವಾತಂತ್ರ್ಯ ಕಮ್ಮಿಯಾಗುತ್ತೆ ಅಂದುಕೊಂಡಿದ್ದ ನನಗೆ ಇದನ್ನು ಮೊದಲ ಸಲ ಓದಿದಾಗ ಒಪ್ಪಿಕೊಳ್ಳುವುದಕ್ಕೇ ಕಷ್ಟವಾಗಿತ್ತು.

ಆದರೆ ಉದ್ದ ಒಂದೇ ಸಾಲದು, ಗಡಸೂ ಬೇಕು. ಮೇಣದ ಅಣು ಎಷ್ಟೋ ಉದ್ದ, ಆದರೆ ದಾರದ ಹಾಗೆ ಸುಮ್ನೆ ಮುದುಡಿಕೊಳ್ಳುತ್ತದೆ. ಪ್ರದರ್ಶನ ಪರದೆಗಳ ಇತಿಹಾಸ ಬದಲಿಸಿದ 5ಸಿಬಿ ಎಂಬ ಅಣುವನ್ನು ನೋಡಿ. ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಗ್ರೇ ತಂಡ 1970ರ ದಶಕದ ಶುರುವಿನಲ್ಲಿ ಇದನ್ನು ತಯಾರಿಸಿತು. ನಡುವೆ ನೇರವಾಗಿ ಜೋಡಿಸಿದ ಎರಡು ಬೆಂಜೀನ್ ಉಂಗುರಗಳು (ಆರಾರು ಕಾರ್ಬನ್‌ಗಳ ಗಡಸು ಬಳೆಗಳು), ಅದೇ ಬೆನ್ನೆಲುಬು. ಒಂದು ತುದಿಯಲ್ಲಿ ಸೈನೊ ಗುಂಪು, ಅಂದರೆ ಒಂದು ಕಾರ್ಬನ್, ಒಂದು ನೈಟ್ರೊಜನ್. ಇನ್ನೊಂದು ತುದಿಯಲ್ಲಿ ಐದು ಕಾರ್ಬನ್‌ಗಳ ಮೆತ್ತನೆ ಬಾಲ. ಸೈನೊ ಗುಂಪಿನಿಂದಾಗಿ ಅಣುವಿನ ಒಂದು ತುದಿ ಋಣ, ಇನ್ನೊಂದು ತುದಿ ಧನ, ಹಾಗಾಗಿ ಸಣ್ಣ ವೋಲ್ಟೇಜ್ ಕೊಟ್ಟರೂ ಕಡ್ಡಿ ಎದ್ದು ನಿಲ್ಲುತ್ತದೆ. ಬಾಲದ ಕೆಲಸ ಹರಳು ಬೇಗ ಕಟ್ಟಿಕೊಳ್ಳದಂತೆ ತಡೆಯುವುದು. ಬಾಲ ತೆಗೆದುಬಿಟ್ಟರೆ ಉಳಿಯುವುದು ಸುಮಾರು 85 ಡಿಗ್ರಿವರೆಗೂ ಗಟ್ಟಿಯಾಗಿರುವ ಮಾಮೂಲಿ ಹರಳು. ಬಾಲ ಇದ್ದರೆ ಸುಮಾರು 24ರಿಂದ 35 ಡಿಗ್ರಿವರೆಗೆ ದ್ರವ ಸ್ಫಟಿಕ.

ಇದಕ್ಕೂ ಮುಂಚೆ 1969ರಲ್ಲಿ ಬಂದ ಎಂಬಿಬಿಎ ಕೂಡ ಕೋಣೆಯ ಉಷ್ಣತೆಯಲ್ಲಿ ದ್ರವ ಸ್ಫಟಿಕವೇ. ಆದರೆ ಅದರ ಎರಡು ಉಂಗುರಗಳ ನಡುವೆ ಒಂದು ಸೇತುವೆ ಇತ್ತು, ಗಾಳಿಯ ತೇವ ತಗುಲಿದರೂ ಮುರಿಯುವ ಸೇತುವೆ. ಗ್ರೇ ಆ ಸೇತುವೆಯನ್ನೇ ತೆಗೆದು ಉಂಗುರಕ್ಕೆ ಉಂಗುರ ಅಂಟಿಸಿದರು. ಇಷ್ಟೇ ಬದಲಾವಣೆ, ಪರದೆಗಳು ವರ್ಷಗಟ್ಟಲೆ ಬಾಳತೊಡಗಿದವು. ಆದರೂ 5ಸಿಬಿಯ 11 ಡಿಗ್ರಿಯ ಆ ಸಣ್ಣ ಅಂತರ ಯಾವ ಮೂಲೆಗೂ ಸಾಲದಲ್ವಾ? ಅದಕ್ಕೇ ಇಂಥ ನಾಲ್ಕೈದು ಅಣುಗಳನ್ನು ಬೆರೆಸುತ್ತಾರೆ. ಬೇರೆ ಬೇರೆ ಅಳತೆಯ ಅಣುಗಳು ಒಂದರ ಹರಳಿಗೆ ಇನ್ನೊಂದು ಅಡ್ಡಿಯಾಗಿ, ಮಿಶ್ರಣ ಸೊನ್ನೆಗಿಂತ ಕೆಳಗೂ ಗಟ್ಟಿಯಾಗದೆ ಉಳಿಯುತ್ತದೆ.

ಬಾಲದ ಬಗ್ಗೆ ಇನ್ನೊಂದು ಮಾತು ಹೇಳದೆ ಬಿಡಲಾರೆ. ಬಾಲಕ್ಕೆ ಒಂದೊಂದೇ ಕಾರ್ಬನ್ ಸೇರಿಸುತ್ತಾ ಹೋದರೆ, ಪೂರ್ತಿ ತಿಳಿಯಾಗುವ ಉಷ್ಣತೆ ಒಂದೇ ಸಮನೆ ಏರುವುದಿಲ್ಲ. ಐದಕ್ಕೆ 35, ಆರಕ್ಕೆ 29, ಏಳಕ್ಕೆ ಸುಮಾರು 43, ಎಂಟಕ್ಕೆ ಸುಮಾರು 40. ಬೆಸ ಸಂಖ್ಯೆಗೆ ಮೇಲೆ, ಸಮ ಸಂಖ್ಯೆಗೆ ಕೆಳಗೆ! ಬಾಲ ಅಂಕುಡೊಂಕಾಗಿ ಸಾಗುತ್ತದೆ. ಬೆಸ ಸಂಖ್ಯೆಯಾದರೆ ಕೊನೆಯ ಕಾರ್ಬನ್ ಕಡ್ಡಿಯ ನೇರಕ್ಕೇ ಬರುತ್ತದೆ, ಸಮ ಸಂಖ್ಯೆಯಾದರೆ ಪಕ್ಕಕ್ಕೆ ಚಾಚಿಕೊಂಡು ಅಕ್ಕಪಕ್ಕದವರಿಗೆ ತಗುಲುತ್ತದೆ. ಎಂಟು ಕಾರ್ಬನ್ ಮುಟ್ಟುವ ಹೊತ್ತಿಗೆ ಇನ್ನೊಂದು ಬದಲಾವಣೆ: ಬಾಲಗಳು ಬಾಲಗಳ ಜೊತೆ, ಉಂಗುರಗಳು ಉಂಗುರಗಳ ಜೊತೆ ಗುಂಪಾಗಿ ಅಣುಗಳು ಪದರ ಪದರವಾಗಿ ನಿಲ್ಲತೊಡಗುತ್ತವೆ. ಅದು ಸ್ಮೆಕ್ಟಿಕ್.

ಪ್ರಶ್ನೆ: ಕಡ್ಡಿಯ ಆಕಾರ ಇರಲೇಬೇಕಾ?

ಉತ್ತರ: ಬಹಳ ಕಾಲ ಹಾಗೇ ನಂಬಿದ್ದರು. 1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಬಿಲ್ಲೆಯಂಥ ಅಣುಗಳೂ ದ್ರವ ಸ್ಫಟಿಕ ಆಗುತ್ತವೆ ಎಂದು ತೋರಿಸಿದರು. ನಡುವೆ ಒಂದು ಬೆಂಜೀನ್ ಉಂಗುರ, ಸುತ್ತ ಆರು ಬಾಲಗಳು. ನಾಣ್ಯ ಪೇರಿಸಿದ ಹಾಗೆ ಒಂದರ ಮೇಲೊಂದು ಕೂತು ಕಂಬಗಳಾಗುತ್ತವೆ, ಆ ಕಂಬಗಳು ಅಕ್ಕಪಕ್ಕ ಒಪ್ಪವಾಗಿ ನಿಲ್ಲುತ್ತವೆ. ಉಂಗುರ ಇನ್ನೂ ದೊಡ್ಡದಾದರೆ ಆ ಕಂಬದ ಉದ್ದಕ್ಕೂ ವಿದ್ಯುತ್ ಸಾಗಬಲ್ಲದು, ಹಾಗಾಗಿ ಎಲೆಕ್ಟ್ರಾನಿಕ್ಸ್‌ನವರಿಗೂ ಇದರ ಮೇಲೆ ಕಣ್ಣು. 1996ರ ಹೊತ್ತಿಗೆ ಬಾಳೆಹಣ್ಣಿನಂತೆ ಬಾಗಿದ ಅಣುಗಳ ಸರದಿ ಬಂತು. ಆಕಾರ ಯಾವುದಾದರೂ ಇರಲಿ, ಎಲ್ಲ ಕಡೆಯಿಂದಲೂ ಒಂದೇ ಥರ ಕಾಣುವ ಚೆಂಡು ಆಗಿರಬಾರದು ಅಷ್ಟೇ.

ಪ್ರಶ್ನೆ: ಭಾರ ಜಾಸ್ತಿ ಇರುವ ಅಣುವಿನ ಹರಳು ಹೆಚ್ಚು ಉಷ್ಣತೆಯಲ್ಲಿ ಕರಗಬೇಕು ಅಂತ ಕಲಿತಿದ್ದೆ. ಟಾಲೀನ್ ಬೆಂಜೀನಿಗಿಂತ ಭಾರ, ಆದರೂ ಬೇಗ ಕರಗುತ್ತದಲ್ಲ?

ಉತ್ತರ: ಬೇಗ ಅಂದರೆ, ನೂರು ಡಿಗ್ರಿ ಬೇಗ! ಬೆಂಜೀನ್ ಕರಗುವುದು 5.5 ಡಿಗ್ರಿಯಲ್ಲಿ, ಟಾಲೀನ್ ಸೊನ್ನೆಗಿಂತ 95 ಡಿಗ್ರಿ ಕೆಳಗೆ. ವ್ಯತ್ಯಾಸ ಉಂಗುರಕ್ಕೆ ಅಂಟಿದ ಒಂದೇ ಒಂದು ಮೀಥೈಲ್ ಗುಂಪು, ಅಂದರೆ ಒಂದು ಕಾರ್ಬನ್, ಮೂರು ಹೈಡ್ರೊಜನ್. ನೀವು ಕಲಿತ ನಿಯಮ ಕುದಿಯುವುದಕ್ಕೆ ಬಹುಪಾಲು ಸರಿ, ಕರಗುವುದಕ್ಕೆ ಅಲ್ಲ. ಕುದಿಯುವಾಗ ಅಣು ಗುಂಪನ್ನು ಬಿಟ್ಟು ಓಡಬೇಕು, ಅಲ್ಲಿ ಸೆಳೆತದ್ದೇ ಲೆಕ್ಕ. ಕರಗುವುದರಲ್ಲಿ ಅಣುಗಳು ಹರಳಿನಲ್ಲಿ ಎಷ್ಟು ಚೆನ್ನಾಗಿ ಹೊಂದಿಕೊಂಡು ಕೂತಿದ್ದವು ಎಂಬುದು ದೊಡ್ಡದಾಗುತ್ತದೆ. ಬೆಂಜೀನನ್ನು 60 ಡಿಗ್ರಿ ತಿರುಗಿಸಿದರೆ ಮೊದಲಿದ್ದ ಹಾಗೇ ಕಾಣುತ್ತದೆ, ಹೇಗೆ ಕೂತರೂ ಸರಿ. ಟಾಲೀನಿಗೆ ಒಂದು ಮೂತಿ ಇದೆ, ಅದು ಸರಿಯಾದ ಕಡೆಗೇ ತಿರುಗಿರಬೇಕು.

ಇನ್ನೂ ಸೊಗಸಾದ ಜೋಡಿ ಪೆಂಟೇನ್ ಮತ್ತು ನಿಯೊಪೆಂಟೇನ್. ಎರಡರಲ್ಲೂ ಐದು ಕಾರ್ಬನ್, ಹನ್ನೆರಡು ಹೈಡ್ರೊಜನ್. ಉದ್ದನೆಯ ಪೆಂಟೇನ್ ಕರಗುವುದು ಮೈನಸ್ 130ರಲ್ಲಿ, ಕುದಿಯುವುದು 36ರಲ್ಲಿ. ಚೆಂಡಿನಂಥ ನಿಯೊಪೆಂಟೇನ್ ಕರಗುವುದೇ ಮೈನಸ್ 17ರ ಹತ್ತಿರ, ಹತ್ತು ಡಿಗ್ರಿ ಮುಟ್ಟುವ ಮೊದಲೇ ಕುದಿದೂ ಹೋಗುತ್ತದೆ. ಕರಗಲು ಹಠ, ಕುದಿಯಲು ಆತುರ. ಯಾಕೆಂದರೆ ಆ ಚೆಂಡುಗಳು ಹರಳಿನೊಳಗೇ, ನಿಂತ ಜಾಗ ಬಿಡದೆ ಗಿರಗಿರ ತಿರುಗುತ್ತಿರುತ್ತವೆ. ಸಿಗಬೇಕಾದ ಸ್ವಾತಂತ್ರ್ಯದ ಅರ್ಧ ಆಗಲೇ ಸಿಕ್ಕಿರುವಾಗ ಕರಗುವ ತುರ್ತು ಅವಕ್ಕಿಲ್ಲ. ಇಂಥವಕ್ಕೆ ಪ್ಲಾಸ್ಟಿಕ್ ಹರಳು ಅನ್ನುತ್ತಾರೆ, ಬಕೆಟ್ ಮಾಡುವ ಪ್ಲಾಸ್ಟಿಕ್ಕಿಗೂ ಇದಕ್ಕೂ ಸಂಬಂಧ ಇಲ್ಲ. ಗಮನಿಸಿದಿರಾ, ಇದು ದ್ರವ ಸ್ಫಟಿಕದ ಪೂರ್ತಿ ಉಲ್ಟಾ: ಅಲ್ಲಿ ಜಾಗ ಹೋಗಿ ದಿಕ್ಕು ಉಳಿಯುತ್ತದೆ, ಇಲ್ಲಿ ದಿಕ್ಕು ಹೋಗಿ ಜಾಗ ಉಳಿಯುತ್ತದೆ. ಕರ್ಪೂರವೂ ಇದೇ ಜಾತಿ. ಶುದ್ಧ ಕರ್ಪೂರವನ್ನು ಒರಳಲ್ಲಿ ಕುಟ್ಟಿದರೆ ಪುಡಿಯಾಗದೆ ಮೆತ್ತಗೆ ಅಂಟಿಕೊಳ್ಳುತ್ತದೆ, ಔಷಧ ತಯಾರಿಸುವವರು ಅದಕ್ಕೆ ಕೆಲವು ಹನಿ ಆಲ್ಕೋಹಾಲ್ ಹಾಕಿ ಅರೆಯುತ್ತಾರೆ.

ಪ್ರಶ್ನೆ: ಒಂದೇ ಅಣು ಎರಡು ಬೇರೆ ಹರಳು ಕಟ್ಟಬಹುದಾ? ಕಟ್ಟಿದರೆ ಏನಾಗುತ್ತೆ?

ಉತ್ತರ: ಕಟ್ಟಬಹುದು, ಕೆಲವು ಸಲ ದೊಡ್ಡ ರಾದ್ಧಾಂತವೂ ಆಗುತ್ತೆ. ರಿಟೊನಾವಿರ್ ಎಂಬ ಎಚ್‌ಐವಿ ಔಷಧ 1996ರಲ್ಲಿ ಮಾರುಕಟ್ಟೆಗೆ ಬಂತು. 1998ರಲ್ಲಿ ಅದುವರೆಗೆ ಯಾರೂ ನೋಡಿರದ ಎರಡನೇ ಹರಳು ಕ್ಯಾಪ್ಸೂಲಿನೊಳಗೆ ಕಾಣಿಸಿಕೊಂಡಿತು. ಅಣು ಅದೇ, ಅದರ ಒಂದು ಭಾಗ ಮಾತ್ರ ಬೇರೆ ಥರ ತಿರುಚಿಕೊಂಡು ಅಕ್ಕಪಕ್ಕದವನ್ನು ಹೆಚ್ಚು ಬಿಗಿಯಾಗಿ ಹಿಡಿದುಕೊಂಡಿತ್ತು. ಪರಿಣಾಮ, ಆ ಹರಳು ದ್ರವದಲ್ಲಿ (ಬಿಸಿಗಲ್ಲ, ಸಕ್ಕರೆ ನೀರಲ್ಲಿ ಕರಗುವ ಹಾಗೆ) ಕರಗುವುದೇ ಕಮ್ಮಿ. ಕ್ಯಾಪ್ಸೂಲನ್ನು ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಳ್ಳಬೇಕಾಯಿತು.

ಪ್ಯಾರಸಿಟಮಾಲ್‌ನದು ಇಷ್ಟು ಭಯಂಕರ ಅಲ್ಲ. ಅದರ ಮಾಮೂಲಿ ಹರಳಿನಲ್ಲಿ ಪದರಗಳು ಅಂಕುಡೊಂಕು, ಒಂದಕ್ಕೊಂದು ಸಿಕ್ಕಿಕೊಂಡು ಜಾರುವುದಿಲ್ಲ, ಹಾಗಾಗಿ ಬರೀ ಒತ್ತಿದರೆ ಗಟ್ಟಿ ಮಾತ್ರೆ ಆಗುವುದಿಲ್ಲ, ಅಂಟು ಪದಾರ್ಥ ಬೇಕು. ಎರಡನೇ ಹರಳಿನಲ್ಲಿ ಪದರಗಳು ಚಪ್ಪಟೆ, ಸಲೀಸಾಗಿ ಜಾರಿ ಒತ್ತಡಕ್ಕೆ ಒಗ್ಗಿಕೊಳ್ಳುತ್ತವೆ. ಆದರೆ ಅದು ಕಾಲ ಕಳೆದಂತೆ ಮೊದಲನೆಯದಕ್ಕೆ ಬದಲಾಗುವ ಸ್ವಭಾವದ್ದು.

ಪ್ರಶ್ನೆ: ಹಣೆಗೆ ಒತ್ತಿಕೊಂಡರೆ ಬಣ್ಣ ಬದಲಿಸಿ ಜ್ವರ ತೋರಿಸುವ ಪಟ್ಟಿಯಲ್ಲಿ ಯಾವ ಬಣ್ಣ ಹಾಕಿರುತ್ತಾರೆ?

ಉತ್ತರ: ಆ ಬಣ್ಣಗಳು ಯಾವ ಬಣ್ಣದ ಪುಡಿಯಿಂದಲೂ ಬಂದದ್ದಲ್ಲ. ಅದರೊಳಗಿನ ಅಣುಗಳಿಗೆ ಎಡಗೈ, ಬಲಗೈ ಥರದ ವ್ಯತ್ಯಾಸ ಇರುತ್ತದೆ. ಅಂಥ ಅಣುಗಳು ನೇರ ಸಾಲಾಗಲಾರವು, ಪಕ್ಕದ ಅಣುವಿಗಿಂತ ಒಂಚೂರು ತಿರುಗಿಯೇ ನಿಲ್ಲುತ್ತವೆ. ಸಾಲು ಹೀಗೆ ತಿರುಗುತ್ತಾ ಸುರುಳಿಯಾಗುತ್ತದೆ. ಸುರುಳಿಯ ಒಂದು ಸುತ್ತಿನ ಉದ್ದ ಬೆಳಕಿನ ತರಂಗದ ಉದ್ದಕ್ಕೆ ಹತ್ತಿರ ಬಂದಾಗ ಆ ಬಣ್ಣ ಮಾತ್ರ ವಾಪಸ್ ಚಿಮ್ಮುತ್ತದೆ. ಬಿಸಿ ಏರಿದಂತೆ ಸುರುಳಿ ಬಿಗಿಯಾಗಿ, ಕೆಂಪು ಹಸಿರಾಗಿ, ಹಸಿರು ನೀಲಿಯಾಗುತ್ತದೆ. ಎಡಗೈ ಅಣುಗಳನ್ನೂ ಬಲಗೈ ಅಣುಗಳನ್ನೂ ಸಮಸಮ ಬೆರೆಸಿದರೆ ಸುರುಳಿಯೂ ಇಲ್ಲ, ಬಣ್ಣವೂ ಇಲ್ಲ. ರೈನಿಟ್ಜರ್ ಕಾಯಿಸುತ್ತಿದ್ದ ವಸ್ತುವೂ ಇದೇ ಬಗೆಯದು.

ಪ್ರಶ್ನೆ: ಈಗ ದ್ರವ ಸ್ಫಟಿಕ ಬೇಡದ, ತಾನೇ ಬೆಳಗುವ ಒಎಲ್ಇಡಿ ಪರದೆ ಬಂದಿದೆ. ದ್ರವ ಸ್ಫಟಿಕದ ಕಥೆ ಮುಗಿಯಿತಲ್ಲವೇ?

ಉತ್ತರ: ಪರದೆ ಅದರ ಒಂದು ಕೆಲಸ ಅಷ್ಟೇ. 1965ರಲ್ಲಿ ಡುಪಾಂಟ್ ಕಂಪನಿಯ ಸ್ಟೆಫನಿ ಕ್ವೊಲೆಕ್ ತಯಾರಿಸಿದ ಒಂದು ದ್ರಾವಣ ಮಬ್ಬಾಗಿತ್ತು, ನೀರಿನಷ್ಟು ತೆಳ್ಳಗಿತ್ತು. ನೂಲು ತೆಗೆಯುವ ಯಂತ್ರದವರು ತೂತು ಕಟ್ಟಿಕೊಂಡೀತು ಅಂತ ಅದನ್ನು ಹಾಕಲು ಹಿಂಜರಿದರಂತೆ. ಮಬ್ಬಾಗಿದ್ದದ್ದು ಕೊಳೆಯಿಂದಲ್ಲ, ಅದು ದ್ರವ ಸ್ಫಟಿಕವಾಗಿತ್ತು. ಗುಂಡು ತಡೆಯುವ ಅಂಗಿಗೆ ಬಳಸುವ ಕೆವ್ಲಾರ್ ನೂಲು ಹುಟ್ಟಿದ್ದು ಆ ಕೆಲಸದಿಂದ. ಕೆವ್ಲಾರ್ ಅಣುವಿನಲ್ಲಿ ಉಂಗುರಗಳು ಎದುರುಬದುರು ತುದಿಗಳಿಂದ ಜೋಡಿಸಿಕೊಂಡು ನೇರ ಕಡ್ಡಿಯಂತಾಗಿವೆ. ಅದೇ ಉಂಗುರಗಳನ್ನು ಸ್ವಲ್ಪ ಓರೆಯಾಗಿ ಜೋಡಿಸಿದರೆ ಸರಪಳಿ ಬಾಗುತ್ತದೆ, ಆಗ ಸಿಗುವುದು ನೊಮೆಕ್ಸ್. ಬೆಂಕಿಗೆ ಅಂಜದ ಬಟ್ಟೆಗೆ ಅದು ಒಳ್ಳೆಯದು, ಗುಂಡು ತಡೆಯುವ ಬಲ ಅದಕ್ಕಿಲ್ಲ.

ಇನ್ನೊಂದು ತೀರಾ ಹೊಸ ಸುದ್ದಿ. 5ಸಿಬಿಯಂಥ ನೆಮಾಟಿಕ್‌ಗಳಲ್ಲಿ ಅಣುಗಳು ಸಾಲಾಗಿ ನಿಂತರೂ ತಲೆ ಯಾವ ಕಡೆ, ಬಾಲ ಯಾವ ಕಡೆ ಎಂಬ ಶಿಸ್ತಿಲ್ಲ, ಅರ್ಧ ಹೀಗೆ, ಅರ್ಧ ಹಾಗೆ. ಎಲ್ಲ ತಲೆಗಳೂ ಒಂದೇ ಕಡೆಗೆ ತಿರುಗಿದ ದ್ರವ ಇರಬಹುದು ಎಂದು ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ 1916ರಲ್ಲೇ ಊಹಿಸಿದ್ದರು. ಸಿಕ್ಕಿರಲಿಲ್ಲ. 2017ರಲ್ಲಿ ಜಪಾನಿನಲ್ಲೂ ಇಂಗ್ಲೆಂಡಿನಲ್ಲೂ ಬೇರೆ ಬೇರೆ ಗುಂಪುಗಳು ಪ್ರಕಟಿಸಿದ ಅಣುಗಳು ವಿಚಿತ್ರವಾಗಿ ನಡೆದುಕೊಂಡವು, 2020ರಲ್ಲಿ ಅಮೆರಿಕದ ಕೊಲರಾಡೊದ ಗುಂಪೊಂದು ಅವುಗಳಲ್ಲಿ ಒಂದನ್ನು ಪರೀಕ್ಷಿಸಿ ಇದು ಬಾರ್ನ್ ಹೇಳಿದ ದ್ರವವೇ ಎಂದು ತೋರಿಸಿತು. ಇದನ್ನು ತಿರುಗಿಸಲು ಬೇಕಾದ ವೋಲ್ಟೇಜ್ ಹಳೆಯದಕ್ಕಿಂತ ಎಷ್ಟೋ ಕಮ್ಮಿ. ಹಾಗಾಗಿ ಕಥೆ ಮುಗಿದಿಲ್ಲ, ನಡುವಿನ ಅಧ್ಯಾಯದಲ್ಲಿದ್ದೇವೆ ಅನ್ನಿ. ಈ ಪ್ರಶ್ನೆ ಕಳಿಸಿದವರು ಜೊತೆಗೆ, ದ್ರವ ಸ್ಫಟಿಕವನ್ನು ಕೈಯಾರೆ ಮುಟ್ಟಿ ನೋಡಬಹುದಾ ಅಂತಲೂ ಕೇಳಿದ್ದಾರೆ. ಮುಟ್ಟಿರುತ್ತೀರಿ: ನೀರಲ್ಲಿ ನೆನೆದ ಸೋಪಿನ ಅಡಿಯಲ್ಲಿ ಲೋಳೆಲೋಳೆಯಾಗಿ ಇರುತ್ತದಲ್ಲ, ಅದೇ. ಸ್ಮೆಕ್ಟಿಕ್ ಅನ್ನುವ ಹೆಸರೂ ಸೋಪಿನ ಗ್ರೀಕ್ ಪದದಿಂದಲೇ ಬಂದದ್ದು.