ಪಶ್ಚಿಮ ಆಫ್ರಿಕಾದ ಹಳ್ಳಿಗಳಲ್ಲಿ ಕ್ರೈಸ್ತ ಮಿಷನರಿಗಳ ದಿನಚರಿ ಹೇಗಿರುತ್ತಿತ್ತು?

ಪ್ರಾರ್ಥನೆ, ಬೋಧನೆ ದಿನದ ಒಂದು ಪಾಲು ಮಾತ್ರ. ಮೇರಿ ಸ್ಲೆಸರ್ ಅವರನ್ನೇ ನೋಡಿ. ಸ್ಕಾಟ್ಲೆಂಡಿನ ಸೆಣಬಿನ ಗಿರಣಿಯಲ್ಲಿ ದುಡಿದಿದ್ದ ಇವರು 1876ರಲ್ಲಿ ಈಗಿನ ನೈಜೀರಿಯಾದ ಕಲಬಾರ್‌ಗೆ ಹೋದರು. 1888ರಿಂದ ಒಳನಾಡಿನ ಒಕೊಯೊಂಗ್‌ನಲ್ಲಿ ವಾಸ. ಮಣ್ಣಿನ ಮನೆ, ಅಲ್ಲಿಯವರದೇ ಊಟ, ಎಫಿಕ್ ಭಾಷೆಯಲ್ಲೇ ಮಾತು. ಕಾಯಿಲೆಯವರಿಗೆ ಮದ್ದು ಕೊಡಬೇಕು, ಮಕ್ಕಳಿಗೆ ಅಕ್ಷರ ಕಲಿಸಬೇಕು, ಜಗಳ ಬಿಡಿಸಬೇಕು. ನಡುವೆ ಮಲೇರಿಯಾ ಕಾಟ ಬೇರೆ.

ಆಗ ಅಲ್ಲಿ ಅವಳಿ ಮಕ್ಕಳು ಹುಟ್ಟಿದರೆ ಕೆಡುಕೆಂದು ಹೆದರಿ ಕಾಡಿಗೆ ಬಿಡುತ್ತಿದ್ದರು, ಇಲ್ಲವೇ ಕೊಲ್ಲುತ್ತಿದ್ದರು. ಅಂಥ ಕೂಸುಗಳನ್ನು ಸ್ಲೆಸರ್ ಮನೆಗೆ ತಂದು ಸಾಕಿದರು, ಕೆಲವರನ್ನು ದತ್ತು ತೆಗೆದುಕೊಂಡರು. ನನಗಂತೂ ಅವರ ಬೋಧನೆಗಿಂತ ಇದೇ ಜಾಸ್ತಿ ದೊಡ್ಡದು. 1892ರಲ್ಲಿ ಬ್ರಿಟಿಷರು ಉಪ ಕಾನ್ಸಲ್ (ತಮ್ಮ ಸರ್ಕಾರದ ಸ್ಥಳೀಯ ಪ್ರತಿನಿಧಿ) ಹುದ್ದೆ ಕೊಟ್ಟ ಮೇಲೆ ಊರಿನ ವ್ಯಾಜ್ಯಗಳ ತೀರ್ಪೂ ಅವರ ಪಾಲಿಗೇ ಬಂತು.