ಕೀಬೋರ್ಡ್ ಯಾರ ಕೈಯಲ್ಲಿತ್ತು?

ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಹೊಸನಗರದ ಕಡೆಯ ಅಡಿಕೆ ಬೆಳೆಗಾರರ ಮಗ, ಶಿವಮೊಗ್ಗದಲ್ಲಿ ರೂಮು ಮಾಡಿಕೊಂಡು ಬಿಸಿಎ ಓದುತ್ತಾನೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಲ್ಯಾಬ್ ಇರುವ ದಿನ ಬೆಳಿಗ್ಗೆಯೇ ಹೊಟ್ಟೆ ತೊಳಸುತ್ತದೆ, ಕಾಲೇಜೇ ಬೇಡ ಅನ್ನಿಸುತ್ತದೆ ಎಂದು ನನ್ನ ಬಳಿ ಆಪ್ತಸಮಾಲೋಚನೆಗೆ ಬಂದ. "ನಂಗೆ ತಲೆಗೆ ಹತ್ತಲ್ಲ ಮೇಡಂ. ಅಪ್ಪಯ್ಯ ಟ್ಯೂಷನ್ನಿಗೂ ದುಡ್ಡು ಕೊಡ್ತಿದಾರೆ" ಅನ್ನುವಾಗ ಕಣ್ಣು ತುಂಬಿತ್ತು.

ಟ್ಯೂಷನ್ ಹೇಗೆ ನಡೆಯುತ್ತದೆ ಎಂದು ಕೇಳಿದೆ. "ಅವ್ರು ಟೈಪ್ ಮಾಡ್ತಾರೆ, ನಾನು ನೋಡ್ತೀನಿ. ರನ್ ಆಗುತ್ತೆ. ರೆಕಾರ್ಡಿಗೆ ಬರ್ಕೊಳ್ತೀನಿ." ನಾಲ್ಕು ತಿಂಗಳಲ್ಲಿ ಒಂದೇ ಒಂದು ಪ್ರೋಗ್ರಾಮನ್ನೂ ಅವನು ಖಾಲಿ ಪರದೆಯಿಂದ ಶುರು ಮಾಡಿರಲಿಲ್ಲ. ಸೆಮಿಕೋಲನ್ ಬಿಟ್ಟುಹೋಗಿ ಎರರ್ ಬಂದರೂ ಲ್ಯಾಬಿನಲ್ಲಿ ಕೈ ನಡುಗುತ್ತಿತ್ತು. ಇದನ್ನು ದಡ್ಡತನ ಎನ್ನಲು ನಾನು ಒಪ್ಪಲಿಲ್ಲ.

"ಅಡಿಕೆ ಸುಲಿಯೋದು ಹೇಗೆ ಕಲಿತೆ?"

"ಅಮ್ಮ ಒಂದೆರಡು ಸುಲಿದು ತೋರಿಸಿದ್ರು. ಆಮೇಲೆ ಮೆಟ್ಟುಗತ್ತಿ ನಂಗೇ ಬಿಟ್ರು. ಬೆರಳು ಕುಯ್ಕೊಂಡೆ..." ಅಷ್ಟು ಹೇಳಿ ಸುಮ್ಮನಾದ. ನಾನೂ ಸುಮ್ಮನಿದ್ದೆ.

ಅವನ ಒಪ್ಪಿಗೆ ಪಡೆದು ಟ್ಯೂಷನ್ ಹೇಳುವವರ ಜೊತೆ ಮಾತಾಡಿದೆ. ಕೀಬೋರ್ಡ್ ಹುಡುಗನ ಕೈಯಲ್ಲೇ ಇರಲಿ. ಎರರ್ ಹತ್ತು ಬಂದರೂ ಮೊದಲನೆಯದನ್ನು ಮಾತ್ರ ಗಟ್ಟಿಯಾಗಿ ಓದಿಸಿ. ಎಷ್ಟನೇ ಸಾಲು, ಏನು ತಪ್ಪು ಎಂದು ಅವನೇ ಹೇಳುವವರೆಗೆ ಕಾಯಿರಿ. "ಹಾಗಾದ್ರೆ ಸಿಲೆಬಸ್ ಮುಗಿಯಲ್ಲ" ಎಂದರು. ಮುಗಿಯದಿದ್ದರೂ ಪರವಾಗಿಲ್ಲ ಎಂದೆ, ಈಗಲೂ ಅದನ್ನೇ ಹೇಳುತ್ತೇನೆ. ಹುಡುಗನಿಗೆ ಹೇಳಿದ್ದು: ಕೋಡ್ ಬರೆಯುವ ಮೊದಲು ಅದನ್ನು ಮನೆಮಾತಿನಲ್ಲಿ ಹೇಳಿಕೊ, ಅಂಕದ ವಿಷಯ ಅಪ್ಪಯ್ಯನಿಗೆ ನೀನೇ ತಿಳಿಸು, ಹೊಟ್ಟೆಯ ತೊಂದರೆ ಕಡಿಮೆಯಾಗದಿದ್ದರೆ ಡಾಕ್ಟರಿಗೆ ತೋರಿಸು.

ಮೂರನೇ ಭೇಟಿಗೆ ಬಂದಾಗ ಕೂರುವ ಮೊದಲೇ ಮಾತು ಶುರು ಮಾಡಿದ. ಜಾವಾದಲ್ಲಿ ಕ್ಲಾಸ್ ಎಂದರೆ ಒಂದು ನಮೂನೆ, ಅದರಂತೆ ತಯಾರಾಗುವ ವಸ್ತು ಆಬ್ಜೆಕ್ಟ್. ಅಬ್‌ಸ್ಟ್ರಾಕ್ಟ್, ಅಂದರೆ ಪೂರ್ತಿಯಾಗದ, ಕ್ಲಾಸಿನಿಂದ ಆಬ್ಜೆಕ್ಟ್ ಮಾಡಲು ಬರುವುದಿಲ್ಲ ಎಂಬುದು ಅವನಿಗೆ ಬಾಯಿಪಾಠವಿತ್ತು, ಎಂತಕ್ಕೆ ಎಂದು ಗೊತ್ತಿರಲಿಲ್ಲ. "ಮಂಡಿಗೆ ಹೋಗಿ ಬರೀ ಅಡಿಕೆ ಅಂದ್ರೆ ಯಾರು ರೇಟ್ ಹೇಳ್ತಾರೆ ಮೇಡಂ? ರಾಶಿನೋ, ಬೆಟ್ಟೆನೋ, ಸರಕೋ, ಗೊರಬಲೋ, ಯಾವ್ದಾದ್ರೂ ಒಂದು ಬಗೆ ಆಗಿರ್ಲೇಬೇಕು. ಅಡಿಕೆ ಅನ್ನೋದು ಅಬ್‌ಸ್ಟ್ರಾಕ್ಟ್. ದರ ಅನ್ನೋ ಮೆಥಡ್, ಅಂದ್ರೆ ಕ್ಲಾಸು ಮಾಡೋ ಕೆಲಸ, ಅದ್ರಲ್ಲಿ ಹೆಸರಿಗಷ್ಟೇ. ಒಳಗೆ ಎಂತ ಬರೀಬೇಕು ಅನ್ನೋದನ್ನ ರಾಶಿ, ಬೆಟ್ಟೆ ಕ್ಲಾಸುಗಳೇ ನೋಡ್ಕೊಳ್ತವೆ." ಜಾವಾ ನನ್ನ ಓದಲ್ಲ. ಆದರೆ ಅವನು ಹೇಳಿದ್ದು ನನಗೆ ಅರ್ಥವಾಯಿತು. ಸರಿಯಾಗಿದೆ ಎಂದು ಟ್ಯೂಷನ್‌ನವರೂ ಹೇಳಿದರಂತೆ.

ಎರಡನೇ ಇಂಟರ್ನಲ್ಸ್‌ನಲ್ಲಿ ಪಾಸಾದ, ಅಷ್ಟೇ. ಎಕ್ಸೆಪ್ಷನ್ ಹ್ಯಾಂಡ್ಲಿಂಗ್, ಅಂದರೆ ಪ್ರೋಗ್ರಾಮ್ ಓಡುವಾಗ ಬರುವ ತೊಂದರೆಯನ್ನು ಕೋಡಿನಲ್ಲೇ ನಿಭಾಯಿಸುವುದು, ಇನ್ನೂ ತೊಡಕು. ಲ್ಯಾಬ್ ದಿನ ತಿಂಡಿ ತಿಂದು ಹೋಗುತ್ತಾನೆ. ಅಪ್ಪಯ್ಯನಿಗೆ ಹೇಳುವುದನ್ನು ಮಾತ್ರ ಕೊಯ್ಲು ಮುಗಿಯಲಿ ಎಂದು ಮುಂದಕ್ಕೆ ಹಾಕಿದ್ದಾನೆ. ಆ ದಿನ ಫೋನಿನಲ್ಲಿ ನೀವೂ ಇರ್ತೀರಾ ಎಂದು ಕೇಳಿದ. ಇರ್ತೀನಿ ಎಂದಿದ್ದೇನೆ.