ಟಿವಿ ಚರ್ಚೆಗೆ ಇಬ್ಬರು ಸಾಕೋ, ಏಳು ಮಂದಿ ಬೇಕೋ?

ಪ್ರಶ್ನೆ: ಕೆಲಸಕ್ಕೆಂದು ಇಂಗ್ಲೆಂಡಿಗೆ ಬಂದವನು ನಾನು. ಕಾಮನ್‌ವೆಲ್ತ್ ದೇಶದವರಿಗೆ ಇಲ್ಲಿ ಓಟು ಇರುವುದರಿಂದ 2024ರ ಚುನಾವಣೆಯನ್ನು ಆಸಕ್ತಿಯಿಂದ ನೋಡಿದೆ. ಜೂನ್ 4ರಂದು ಐಟಿವಿಯಲ್ಲಿ ಆಗಿನ ಪ್ರಧಾನಿ ಸುನಕ್, ವಿರೋಧ ಪಕ್ಷದ ನಾಯಕ ಸ್ಟಾರ್ಮರ್ ಇಬ್ಬರೇ ವಾದ ಮಾಡಿದರು. ಮೂರು ದಿನ ಬಿಟ್ಟು ಬಿಬಿಸಿಯಲ್ಲಿ ನೋಡಿದರೆ ಏಳು ಪಕ್ಷದವರು ಸಾಲಾಗಿ ನಿಂತಿದ್ದರು! ಯಾರನ್ನು ಕರೆಯಬೇಕು ಅಂತ ಕಾನೂನು ಇಲ್ವಾ?

ಉತ್ತರ: ಇಲ್ಲ. ಯಾರನ್ನು ಕರೆಯಬೇಕು ಎಂದು ಚಾನೆಲ್‌ನವರೇ ತೀರ್ಮಾನಿಸುತ್ತಾರೆ. ಪಕ್ಷಪಾತ ಮಾಡಬಾರದೆಂಬ ನಿಯಮವಿದೆ, ಅದನ್ನು ಕಾಯಲು ಆಫ್‌ಕಾಮ್ ಎಂಬ ಸಂಸ್ಥೆಯಿದೆ. ಹಿಂದೆ ಬಿದ್ದ ಮತ, ಈಗಿನ ಬೆಂಬಲ ಎರಡನ್ನೂ ತೂಗಬೇಕು. ಆದರೆ ತಕ್ಕಡಿ ಇರುವುದು ಚಾನೆಲ್‌ನವರ ಕೈಯಲ್ಲೇ. 2019ರಲ್ಲಿ ಐಟಿವಿ ಆಗಿನ ಪ್ರಧಾನಿ ಜಾನ್ಸನ್, ವಿರೋಧ ಪಕ್ಷದ ನಾಯಕ ಕಾರ್ಬಿನ್ ಇಬ್ಬರನ್ನೇ ಕರೆದಾಗ ಲಿಬರಲ್ ಡೆಮಾಕ್ರಟ್ ಮತ್ತು ಸ್ಕಾಟ್ಲೆಂಡಿನ ಎಸ್‌ಎನ್‌ಪಿ ಪಕ್ಷಗಳು ಕೋರ್ಟಿಗೆ ಹೋಗಿ ಸೋತವು.

ಲೆಕ್ಕ ಹಾಕಿ ಗೆರೆ ಎಳೆದರೆ ಮುಗೀತು ಅನಿಸಬಹುದು. ಯಾವ ಲೆಕ್ಕ? 2024ರಲ್ಲಿ ರಿಫಾರ್ಮ್ ಪಕ್ಷಕ್ಕೆ ಬಂದದ್ದು ಶೇ 14 ಮತ, 5 ಸೀಟು. ಲಿಬರಲ್ ಡೆಮಾಕ್ರಟ್‌ಗೆ ಬಂದದ್ದು ಶೇ 12 ಮತ, ಆದರೆ ಸೀಟು 72! ಎಸ್‌ಎನ್‌ಪಿ ಸ್ಪರ್ಧಿಸುವುದೇ ಸ್ಕಾಟ್ಲೆಂಡಿನಲ್ಲಿ. ಇಡೀ ದೇಶದ ಲೆಕ್ಕದಲ್ಲಿ ಅದು ಪುಟ್ಟ ಪಕ್ಷ, ತನ್ನ ಊರಲ್ಲಿ ದೊಡ್ಡದು. 2015ರ ಏಳು ಮಂದಿಯ ಚರ್ಚೆಗೆ 3 ಸಂಸದರಿದ್ದ ವೇಲ್ಸ್‌ನ ಪ್ಲೈಡ್ ಕಮ್ರಿಯನ್ನು ಕರೆದರು, 8 ಸಂಸದರಿದ್ದ ಉತ್ತರ ಐರ್ಲೆಂಡಿನ ಡಿಯುಪಿಯನ್ನು ಬಿಟ್ಟರು. ಅಲ್ಲಿನ ಪಕ್ಷಗಳ ಕಣವೇ ಬೇರೆ ಅನ್ನುವುದು ಚಾನೆಲ್‌ಗಳ ವಾದ. ಡಿಯುಪಿಗೆ ಸಿಟ್ಟು ಬಂದದ್ದರಲ್ಲಿ ತಪ್ಪೇನಿದೆ ಹೇಳಿ.

ಸಮೀಕ್ಷೆಯನ್ನು ನಂಬೋಣ ಅಂದರೆ ಅದರಲ್ಲೂ ಒಂದು ತೊಡಕಿದೆ. ಅಮೆರಿಕದಲ್ಲಿ ಅಧ್ಯಕ್ಷೀಯ ಅಭ್ಯರ್ಥಿಗಳ ಚರ್ಚೆ ನಡೆಸುತ್ತಿದ್ದ ಆಯೋಗ 2000ದಿಂದ ಶೇ 15 ಬೆಂಬಲದ ಗೆರೆ ಎಳೆಯಿತು. ಆದರೆ 1992ರಲ್ಲಿ ಪಕ್ಷೇತರ ಅಭ್ಯರ್ಥಿ ರಾಸ್ ಪೆರೋ ಚರ್ಚೆಗೆ ಬಂದಾಗ ಅವರ ಬೆಂಬಲ ಅದಕ್ಕಿಂತ ಕಡಿಮೆಯಿತ್ತು. ಕೊನೆಗೆ ಬಂದ ಮತ ಸುಮಾರು ಶೇ 19! ಮುಂದಿನ ಸಲ ಅವರನ್ನು ಹೊರಗಿಟ್ಟರು, ಮತ ಶೇ 8ಕ್ಕೆ ಇಳಿಯಿತು. ಇಳಿದದ್ದಕ್ಕೆ ಬೇರೆ ಕಾರಣಗಳೂ ಇದ್ದವು. ಆದರೂ ಬೆಂಬಲ ಇದ್ದರೆ ಟಿವಿ, ಟಿವಿಗೆ ಬಂದರೆ ಬೆಂಬಲ ಅನ್ನುವ ಸುತ್ತು ಕಾಣುತ್ತದೆ ಅಲ್ವಾ?

ನನ್ನನ್ನು ಕೇಳಿದರೆ ನೀವು ನೋಡಿದ ಎರಡೂ ಚರ್ಚೆ ಬೇಕು. ಪ್ರಧಾನಿ ಯಾರಾಗಬೇಕು ಅನ್ನುವ ಪ್ರಶ್ನೆಗೆ ಇಬ್ಬರು ಸಾಕು. ಆದರೆ ಬ್ರಿಟನ್ನಿನ ಮತಚೀಟಿಯಲ್ಲಿ ಪ್ರಧಾನಿಯ ಹೆಸರಿರುವುದಿಲ್ಲ. ನೀವು ಆರಿಸುವುದು ನಿಮ್ಮ ಕ್ಷೇತ್ರದ ಸಂಸದರನ್ನು. ಆ ಪ್ರಶ್ನೆಗೆ ಏಳು ಮಂದಿಯೂ ಬೇಕು, ಗದ್ದಲ ಜಾಸ್ತಿಯಾದರೂ ಪರವಾಗಿಲ್ಲ. ಅಲ್ಲಿ ಸೀಟಿಗಿಂತ ಮತಕ್ಕೆ ಬೆಲೆ ಕೊಡಬೇಕು. ನಿಯಮವನ್ನು ಚುನಾವಣೆಗೆ ಮೊದಲೇ ಬರೆದಿಡಬೇಕು. ನಮ್ಮ ದೂರದರ್ಶನ, ಆಕಾಶವಾಣಿಯಲ್ಲಿ ಮಾನ್ಯತೆ ಪಡೆದ ಪಕ್ಷಗಳಿಗೆ ಉಚಿತ ಸಮಯ ಹಂಚುವುದು ಹಾಗೆಯೇ, ಹಿಂದಿನ ಚುನಾವಣೆಯ ಸಾಧನೆ ನೋಡಿ. ಹೊಸ ಪಕ್ಷಗಳಿಗೆ ಅದರಿಂದ ಅನ್ಯಾಯವಾಗುತ್ತದೆ, ನಿಜ. ಆದರೆ ಲೆಕ್ಕ ಮೊದಲೇ ಎಲ್ಲರಿಗೂ ಗೊತ್ತಿರುತ್ತದೆ.

ಇನ್ನು ಕರೆದರೂ ಬಾರದವರು? 2019ರ ಹವಾಮಾನ ಚರ್ಚೆಗೆ ಜಾನ್ಸನ್ ಮತ್ತು ಬ್ರೆಕ್ಸಿಟ್ ಪಕ್ಷದ ನಾಯಕ ಫರಾಜ್ ಬರಲಿಲ್ಲ. ಚಾನೆಲ್ 4 ಅವರ ಜಾಗದಲ್ಲಿ ಮಂಜುಗಡ್ಡೆಯಲ್ಲಿ ಕೆತ್ತಿದ ಭೂಗೋಳಗಳನ್ನು ಇಟ್ಟಿತು. ಚರ್ಚೆ ನಡೆಯುತ್ತಿದ್ದಂತೆ ಅವು ತೊಟ್ಟಿಕ್ಕುತ್ತಾ ಕರಗಿದವು. ಜಾನ್ಸನ್ ಪಕ್ಷ ದೂರು ಕೊಟ್ಟಿತು. ನಿಯಮ ಮುರಿದಿಲ್ಲ ಎಂದಿತು ಆಫ್‌ಕಾಮ್.